‘ವಿಮಾನ ಬರುವ ಮೊದಲೇ ಸಾಯುತ್ತೇನೆ’: ಶಿಲ್ಕಾ ಓಡಿಸುವ ಓದುಗರಿಗೆ ಉತ್ತರ

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಒಂದು ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಅಂಗಡಿ ಬಾಗಿಲು ಹಾಕಿ, ಊಟ ಮುಗಿಸಿ, ರಾತ್ರಿ ಎರಡು ತಾಸು ತಮ್ಮನ ಜೊತೆ ವಾರ್ ಥಂಡರ್ ಅನ್ನುವ ಯುದ್ಧದ ವಿಡಿಯೋ ಗೇಮ್ ಆಡುವುದು ರೂಢಿ. ಅವನಿಗೆ ವಿಮಾನದ ಹುಚ್ಚು, ನನಗೆ ಟ್ಯಾಂಕಿನದು. ಎರಡು ತಿಂಗಳ ಹಿಂದೆ ಸೋವಿಯತ್ ಗಾಡಿಗಳ ಸಾಲಿನಲ್ಲಿ ಶಿಲ್ಕಾ ಅನ್ನುವ ವಿಮಾನ ಹೊಡೆಯುವ ಗಾಡಿ ಸಿಕ್ಕಿತು. ನಾಲ್ಕು ಬ್ಯಾರಲ್, ಮೇಲೊಂದು ರೇಡಾರ್, ಇನ್ನೇನು ಬೇಕು ಅಂದುಕೊಂಡೆ. ಆದರೆ ವಿಮಾನ ಬರುವ ಮೊದಲೇ ಸಾಯುತ್ತೇನೆ. ಮೊನ್ನೆ ಒಂದು ಬಿಲ್ಲಿನ ಹಿಂದೆ ಲೆಕ್ಕ ಬರೆದೆ. ಒಂದು ರಾತ್ರಿಗೆ 11 ಸಾವು: ಟ್ಯಾಂಕಿನಿಂದ 7, ವಿಮಾನದಿಂದ 3, ಹೆಲಿಕಾಪ್ಟರಿನಿಂದ 1. ನಾನು ಉರುಳಿಸಿದ ವಿಮಾನ ಎರಡೇ. ರೇಡಾರ್ ಒಂದು ವಿಮಾನವನ್ನು ಹಿಡಿದು ಹಿಂಬಾಲಿಸುತ್ತದೆ, ಅಂದರೆ ಲಾಕ್ ಆಗುತ್ತದೆ, ಮುಂದೆ ಗುರಿಯ ವೃತ್ತ ಕಾಣುತ್ತದೆ, ಸರಿಯಾಗಿ ಅದರ ಮೇಲೇ ಹೊಡೆಯುತ್ತೇನೆ, ಗುಂಡು ತಾಗುವುದಿಲ್ಲ. ಇದು ಪಿಂಗ್, ಅಂದರೆ ಇಂಟರ್ನೆಟ್ ತಡವಾಗುವ ಸಮಸ್ಯೆಯಾ? ಒಬ್ಬ ಗೆಳೆಯ ರೇಡಾರ್ ಆಫ್ ಮಾಡಿಯೇ ಆಡು ಅನ್ನುತ್ತಾನೆ. ಇನ್ನೊಬ್ಬ, ಶಿಲ್ಕಾ ಇರುವುದೇ ಟ್ಯಾಂಕಿನ ಪಕ್ಕಕ್ಕೆ ಹೋಗಿ ಹೊಡೆಯಲು ಅನ್ನುತ್ತಾನೆ. ಇಷ್ಟು ತೆಳು ಉಕ್ಕಿನ ಗಾಡಿಯನ್ನು ಆಡುವುದೇ ದಂಡವಾ? ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ನಿಮ್ಮ ಬಿಲ್ಲಿನ ಹಿಂದಿನ ಲೆಕ್ಕವೇ ಅರ್ಧ ಉತ್ತರ ಕೊಟ್ಟಿದೆ. ಇನ್ನೊಮ್ಮೆ ನೋಡಿ. ನೀವು ಕೇಳಿರುವುದು ಗುರಿ, ರೇಡಾರ್, ಪಿಂಗ್ ಬಗ್ಗೆ. ಸತ್ತಿರುವುದು ಮಾತ್ರ ಟ್ಯಾಂಕಿನ ಕೈಯಲ್ಲಿ, 11ರಲ್ಲಿ 7 ಸಲ. ಟ್ಯಾಂಕಿಗೂ ರೇಡಾರಿಗೂ ಏನು ಸಂಬಂಧ? ನಿಮ್ಮ ತೊಂದರೆ ಆಕಾಶದಲ್ಲಿಲ್ಲ. ನೀವು ಗಾಡಿ ನಿಲ್ಲಿಸುವ ಜಾಗದಲ್ಲಿದೆ.

ಇದನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ. ಎಂಟು ವರ್ಷದಿಂದ ಈ ಆಟವನ್ನು ಹುಡುಗರಿಗೆ ಕಲಿಸುತ್ತಿದ್ದೇನೆ. ನನ್ನ ಕೆಲಸದ ಮುಕ್ಕಾಲು ಪಾಲು ಅವರ ರಿಪ್ಲೇ ನೋಡುವುದು. ಹೊಸದಾಗಿ ಶಿಲ್ಕಾ ಹಿಡಿದವರ ರಿಪ್ಲೇ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಗಾಡಿ ಸ್ಪಾನ್‌ನಿಂದ (ಆಟಕ್ಕೆ ಇಳಿಯುವ ಜಾಗದಿಂದ) ಹೊರಡುತ್ತದೆ, ಚೆನ್ನಾಗಿ ಆಕಾಶ ಕಾಣುವ ಒಂದು ದಿಬ್ಬ ಹುಡುಕುತ್ತದೆ, ಅದರ ನೆತ್ತಿಯ ಮೇಲೆ ನಿಲ್ಲುತ್ತದೆ. ಆಟಗಾರನ ಕಣ್ಣು ಮೇಲೆ. ಕೆಳಗೆ ಒಂದೂವರೆ ಕಿಲೋಮೀಟರ್ ಆಚೆ ಒಬ್ಬ ಟ್ಯಾಂಕಿನವನು ನಿಧಾನವಾಗಿ ಟರೆಟ್ (ತೋಪು ಇರುವ, ತಿರುಗುವ ಮೇಲ್ಭಾಗ) ತಿರುಗಿಸುತ್ತಿರುತ್ತಾನೆ. ನಿಮಗೆ ಇಡೀ ಆಕಾಶ ಕಾಣುವ ಜಾಗದಿಂದ ಇಡೀ ಮ್ಯಾಪಿಗೆ ನೀವು ಕಾಣುತ್ತೀರಿ. ಅಷ್ಟೇ ವಿಷಯ.

ಮೊದಲು ಉಕ್ಕಿನ ಮಾತು ಮುಗಿಸೋಣ. ನಿಜವಾದ ಶಿಲ್ಕಾ ಸುಮಾರು 19 ಟನ್ ತೂಗುತ್ತದೆ. ಟರೆಟ್ಟಿನ ಉಕ್ಕು ಒಂದು ಸೆಂಟಿಮೀಟರ್ ಕೂಡ ದಪ್ಪ ಇಲ್ಲ. ಅಂಗಡಿಯಲ್ಲಿ ಬಿಲ್ ಬರೆಯುವ ಪೆನ್ಸಿಲ್ ಇದ್ದರೆ ನೋಡಿ, ಅದಕ್ಕಿಂತ ಒಂದು ಕೂದಲು ಜಾಸ್ತಿ. ಅದಕ್ಕಿಂತ ಹಳೆಯ ಟಿ-54 ಟ್ಯಾಂಕಿನ ಮುಂಭಾಗದ ಉಕ್ಕು 100 ಮಿಲಿಮೀಟರ್. ಹಾಗಾಗಿ ಶಿಲ್ಕಾಗೆ ಟ್ಯಾಂಕಿನ ತೋಪೇ ಬೇಕಿಲ್ಲ. ಟ್ಯಾಂಕಿನ ನೆತ್ತಿಯ ಮೇಲಿರುವ 12.7 ಮಿಲಿಮೀಟರ್ ಮೆಷಿನ್ ಗನ್ ಸಾಕು. ಒಳಗಿರುವುದು ನಾಲ್ಕು ಜನ. ಚಾಲಕ ಮುಂದೆ ಒಬ್ಬನೇ, ಉಳಿದ ಮೂವರು ಟರೆಟ್ಟಿನಲ್ಲಿ ಒತ್ತೊತ್ತಾಗಿ. ಮೂವರೂ ಒಟ್ಟಿಗೆ ಹೋದರೆ ಆಟದ ಲೆಕ್ಕದಲ್ಲಿ ಗಾಡಿಯೂ ಹೋದ ಹಾಗೆ.

ಆದರೆ ‘ತೆಳು ಉಕ್ಕು ಅಂದರೆ ಒಂದೇ ಏಟಿಗೆ ಸಾವು’ ಅನ್ನುವ ಮಾತು ಪೂರ್ತಿ ನಿಜ ಅಲ್ಲ. ಒಳಗೆ ಹೊಕ್ಕು ಸಿಡಿಯುವ ಗುಂಡಿಗೆ ಅದನ್ನು ಸಿಡಿಸುವ ಫ್ಯೂಜ್ ಇರುತ್ತದೆ. ಅದು ಕೆಲಸ ಮಾಡಬೇಕಾದರೆ ಒಂದಿಷ್ಟು ದಪ್ಪದ ಉಕ್ಕು ಎದುರಾಗಬೇಕು. ಶಿಲ್ಕಾದ ಉಕ್ಕು ಎಷ್ಟೋ ಸಲ ಆ ಫ್ಯೂಜ್‌ಗೆ ಗೊತ್ತೇ ಆಗುವುದಿಲ್ಲ. ಗುಂಡು ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಗೆ ಹೋಗಿಬಿಡುತ್ತದೆ. ಒಬ್ಬ ಸಾಯುತ್ತಾನೆ, ಎಂಜಿನ್ ಕೆಡುತ್ತದೆ, ಗಾಡಿ ಉಳಿಯುತ್ತದೆ. ಬಾಣದಂಥ ಉದ್ದನೆಯ ಗುಂಡಿನದ್ದೂ ಸುಮಾರಾಗಿ ಇದೇ ಕಥೆ. ನಿಜಕ್ಕೂ ಹೆದರಬೇಕಾದದ್ದು ಸಾದಾ ಸ್ಫೋಟದ ಗುಂಡಿಗೆ. ಅದು ಉಕ್ಕನ್ನು ಕೊರೆಯಬೇಕಾಗಿಲ್ಲ. ಹೊರಗೆ ಸಿಡಿದರೂ ಅದರ ಒತ್ತಡ ಒಳಗಿನವರನ್ನು ಒಟ್ಟಿಗೆ ಮುಗಿಸುತ್ತದೆ. ಪಕ್ಕದಲ್ಲಿ ಬಿದ್ದ ಬಾಂಬ್ ಕೂಡ ಹಾಗೆಯೇ. ಅದಕ್ಕೇ ಹೇಳುವುದು, ಮೊದಲ ಗುಂಡು ಬಿದ್ದಾಗ ‘ಮುಗೀತು’ ಅಂತ ಕೈ ಬಿಡಬೇಡಿ. ಆ ಕ್ಷಣವೇ ಹಿಂದಕ್ಕೆ ಎಳೆಯಿರಿ. ಎರಡನೇ ಗುಂಡು ತುಂಬುವಷ್ಟರಲ್ಲಿ ಮರೆಗೆ ಸೇರಿಕೊಳ್ಳುವವರು ತುಂಬಾ ಜನ ಇದ್ದಾರೆ. ನಾನು ನೋಡಿದ್ದೇನೆ.

ಈಗ ನಿಲ್ಲುವ ಜಾಗ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಕೂರುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಾನು ಹುಡುಗರಿಗೆ ಹೇಳುವುದು ಇಷ್ಟು: ನಿಂತ ಜಾಗದಿಂದ ಆಕಾಶ ಅಗಲವಾಗಿ ಕಾಣಬೇಕು, ನೆಲ ಆದಷ್ಟು ಕಡಿಮೆ ಕಾಣಬೇಕು. ದಿಬ್ಬದ ನೆತ್ತಿ ಬೇಡ, ಅದರ ಹಿಂಬದಿಯ ಇಳಿಜಾರು ಬೇಕು. ನಿಮ್ಮ ಮೂತಿಯ ಮುಂದೆ ಮಣ್ಣಿನ ಗೋಡೆ, ತಲೆಯ ಮೇಲೆ ಬಯಲು. ಶಿಲ್ಕಾದ ಬ್ಯಾರಲ್ ಮೇಲಕ್ಕೆ 85 ಡಿಗ್ರಿಯವರೆಗೆ ಏಳುತ್ತದೆ. ಅಂದರೆ ಮುಂದೆ ದಿಬ್ಬ ಅಡ್ಡ ಇದ್ದರೂ ಆಕಾಶಕ್ಕೆ ಹೊಡೆಯಲು ತೊಂದರೆ ಇಲ್ಲ. ಕೆಳಕ್ಕೆ ಬಗ್ಗುವುದು ನಾಲ್ಕೇ ಡಿಗ್ರಿ. ಆದ್ದರಿಂದ ದಿಬ್ಬದ ಮೇಲೆ ನಿಂತು ಕೆಳಗಿನ ಟ್ಯಾಂಕಿಗೆ ಹೊಡೆಯುವುದೂ ಆಗದ ಮಾತು. ಅಲ್ಲಿ ನಿಂತರೆ ಎರಡೂ ಕಡೆ ನಷ್ಟ.

ಒಂದು ಸಣ್ಣ ಪರೀಕ್ಷೆ ಇದೆ. ಗಾಡಿ ನಿಲ್ಲಿಸಿದ ಮೇಲೆ ಗುರಿಯ ನೋಟವನ್ನು ನೆಲದ ಮಟ್ಟಕ್ಕೆ ಇಳಿಸಿ, ಸುತ್ತ ಒಂದು ಸುತ್ತು ತಿರುಗಿಸಿ. ಎದುರಾಳಿ ಬರುವ ಕಡೆ 300 ಮೀಟರಿಗಿಂತ ಆಚೆ ಏನಾದರೂ ಕಾಣುತ್ತಾ? ಕಾಣುತ್ತಿದ್ದರೆ ಅಲ್ಲಿಂದ ನೀವೂ ಕಾಣುತ್ತೀರಿ. ಎರಡು ಗಾಡಿ ಉದ್ದ ಹಿಂದೆ ಸರಿಯಿರಿ, ಮತ್ತೆ ತಿರುಗಿಸಿ ನೋಡಿ. ಇಪ್ಪತ್ತು ಸೆಕೆಂಡಿನ ಕೆಲಸ. ನಿಮ್ಮ ಏಳು ಸಾವಿನಲ್ಲಿ ನಾಲ್ಕಾದರೂ ಇದರಿಂದ ತಪ್ಪುತ್ತಿತ್ತು ಅಂತ ನನ್ನ ಅಂದಾಜು.

ಹಾಗಾದರೆ ಸ್ಪಾನ್‌ನಲ್ಲೇ ನಿಂತುಬಿಡಲಾ ಅನ್ನಬಹುದು. ತುಂಬಾ ಜನ ಹಾಗೇ ಮಾಡುತ್ತಾರೆ. ಟ್ಯಾಂಕಿನಿಂದ ಬಚಾವಾಗುತ್ತಾರೆ, ನಿಜ. ಆದರೆ ನಿಮ್ಮ ತಮ್ಮನನ್ನೇ ಕೇಳಿ: ಮೇಲಿನಿಂದ ಬರುವವನು ಮೊದಲು ಎಲ್ಲಿ ನೋಡುತ್ತಾನೆ? ಸ್ಪಾನ್ ಕಡೆ. ಅಲ್ಲಿ ಯಾವಾಗಲೂ ಒಂದೆರಡು ವಿಮಾನ ನಿರೋಧಕ ಗಾಡಿ ನಿಂತಿರುತ್ತವೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ನಿಮ್ಮ ಲೆಕ್ಕದ ಆ ಮೂರು ವಿಮಾನದ ಸಾವು ಬಹುಶಃ ಅಲ್ಲೇ ಆಗಿವೆ. ಸ್ಪಾನ್‌ನಿಂದ ಹೊರಟು ಪಕ್ಕಕ್ಕೆ 300ರಿಂದ 500 ಮೀಟರ್ ಸರಿದರೆ ಸಾಕು. ಮುಂದಕ್ಕಲ್ಲ, ಪಕ್ಕಕ್ಕೆ. ನಮ್ಮ ಟ್ಯಾಂಕುಗಳು ಹೋದ ದಾರಿಯ ಹಿಂದೆ ಅಲ್ಲ, ಯಾರೂ ಹೋಗದ ಕಡೆ. ಕುಬಾನ್, ಮೊಜ್ದೋಕ್‌ನಂಥ ಬಯಲು ಮ್ಯಾಪಿನಲ್ಲಿ ಒಂದು ತಗ್ಗು ಅಥವಾ ಮರದ ಸಾಲು ಸಿಕ್ಕೇ ಸಿಗುತ್ತದೆ. ಅಡ್ವಾನ್ಸ್ ಟು ದ ರೈನ್‌ನಂಥ ಊರಿನ ಮ್ಯಾಪಿನಲ್ಲಿ ಬೀದಿಯೊಳಗೆ ಹೊಕ್ಕರೆ ಆಕಾಶ ಒಂದು ರಿಬ್ಬನ್ನಿನಷ್ಟು ಕಾಣುತ್ತದೆ. ಅಲ್ಲಿ ಕಟ್ಟಡದ ಹಿಂದಿನ ಖಾಲಿ ಅಂಗಳ ಹುಡುಕಿ. ಮರದ ಕೆಳಗೆ ನಿಂತರೆ ವಿಮಾನದವನಿಗೆ ಕಾಣುವುದು ಕಷ್ಟ. ಆದರೆ ದಪ್ಪ ಕಾಂಡ ಅಡ್ಡ ಬಂದರೆ ನಿಮ್ಮದೇ ಗುಂಡು ಅದಕ್ಕೆ ಬಡಿದು ವ್ಯರ್ಥ. ಅಂಚಿನಲ್ಲಿ ನಿಲ್ಲಿ, ಒಳಗೆ ಹೋಗಬೇಡಿ.

ಜಾಗದಷ್ಟೇ ಮುಖ್ಯವಾದದ್ದು ಹೊತ್ತು. ಈ ಆಟದ ಬಗೆಗಳಲ್ಲಿ ನೀವು ಆಡುವುದು ರಿಯಲಿಸ್ಟಿಕ್ ಬ್ಯಾಟಲ್ ಅಂತ ಅಂದುಕೊಂಡು ಹೇಳುತ್ತೇನೆ. ಅಲ್ಲಿ ಆಟ ಶುರುವಾಗುವಾಗ ಕೈಯಲ್ಲಿರುವ ಸ್ಪಾನ್ ಪಾಯಿಂಟಿಗೆ (ಗಾಡಿ ಇಳಿಸಲು ಖರ್ಚು ಮಾಡುವ ಅಂಕಕ್ಕೆ) ಸಾಮಾನ್ಯವಾಗಿ ವಿಮಾನ ಸಿಗುವುದಿಲ್ಲ. ಜಾಗ ಹಿಡಿಯಬೇಕು, ಯಾರನ್ನಾದರೂ ಹೊಡೆಯಬೇಕು, ಪಾಯಿಂಟ್ ಗಳಿಸಬೇಕು, ಆಮೇಲೆ ವಿಮಾನ. ಹಾಗಿರುವಾಗ ಮೊದಲನೇ ನಿಮಿಷಕ್ಕೇ ಶಿಲ್ಕಾ ತೆಗೆದುಕೊಂಡು ಹೋದರೆ ಏನು ಮಾಡುತ್ತೀರಿ? ಖಾಲಿ ಆಕಾಶ ನೋಡುತ್ತಾ ಕೂರುತ್ತೀರಿ. ಬೇಜಾರಾಗುತ್ತದೆ. ಬೇಜಾರಾದವನು ಮುಂದಕ್ಕೆ ಹೋಗುತ್ತಾನೆ. ಮುಂದಕ್ಕೆ ಹೋದ ಶಿಲ್ಕಾ ಟ್ಯಾಂಕಿನ ಪಾಲು.

ಮೊದಲು ಒಂದು ಟ್ಯಾಂಕ್ ತೆಗೆದುಕೊಳ್ಳಿ. ಒಂದು ಜಾಗ ಹಿಡಿಯಿರಿ. ಅದು ಹೋದ ಮೇಲೆ, ಪರದೆಯ ಮೇಲೆ ಯಾರು ಯಾರನ್ನು ಹೊಡೆದರು ಅನ್ನುವ ಸಾಲುಗಳಲ್ಲಿ ಎದುರಾಳಿಯ ವಿಮಾನದ ಹೆಸರು ಕಾಣಲು ಶುರುವಾದಾಗ, ಶಿಲ್ಕಾ ತನ್ನಿ. ವಿಮಾನ ನಿರೋಧಕ ಗಾಡಿಗೆ ಪಾಯಿಂಟ್ ಕಡಿಮೆ ಸಾಕು, ಹಾಗಾಗಿ ಕೊನೆಗೆ ಉಳಿದ ಚಿಲ್ಲರೆಯಲ್ಲೂ ಬರುತ್ತದೆ. ಇದರಲ್ಲಿ ಅಪಾಯ ಇಲ್ಲ ಅನ್ನುವುದಿಲ್ಲ. ನೀವು ಟ್ಯಾಂಕಿನಲ್ಲಿ ಇರುವಾಗ ಮೊದಲ ವಿಮಾನ ಬಂದು ಟೀಮಿನ ಮೂರು ಜನರನ್ನು ಎತ್ತಿಕೊಂಡು ಹೋಗಬಹುದು, ‘ವಿಮಾನ ಹೊಡೆಯುವವರು ಯಾರೂ ಇಲ್ವಾ’ ಅಂತ ಚಾಟ್‌ನಲ್ಲಿ ಬೈಗುಳ ಬೀಳಬಹುದು. ಬೈಸಿಕೊಳ್ಳಿ. ಬೈಯುವವರು ತಾವೇ ಒಂದು ಗಾಡಿ ತರಬಹುದಲ್ವಾ?

ಸರಿ, ಈಗ ನಿಮ್ಮ ತಲೆ ತಿನ್ನುತ್ತಿರುವ ವೃತ್ತಕ್ಕೆ ಬರೋಣ. ಲಾಕ್ ಆಗಿದೆ, ವೃತ್ತದ ಮೇಲೇ ಹೊಡೆದಿದ್ದೀರಿ, ತಾಗಿಲ್ಲ. ಆ ವೃತ್ತ ಏನು ಹೇಳುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತದೆ.

ಒಂದು ಲೆಕ್ಕ ಹಾಕೋಣ. ವಿಮಾನ ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿದೆ ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು 167 ಮೀಟರ್. ಅದು ಒಂದೂವರೆ ಕಿಲೋಮೀಟರ್ ದೂರದಲ್ಲಿದೆ. 23 ಮಿಲಿಮೀಟರಿನ ಗುಂಡು ಬ್ಯಾರಲ್ ಬಿಡುವಾಗ ಸೆಕೆಂಡಿಗೆ 900 ಮೀಟರ್ ಮೇಲೆ ಇರುತ್ತದೆ, ಆದರೆ ಗಾಳಿಯಲ್ಲಿ ಬೇಗ ಸುಸ್ತಾಗುತ್ತದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಎರಡು ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ವಿಮಾನ 300 ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. 12 ಮೀಟರ್ ಉದ್ದದ ವಿಮಾನವಾದರೆ ಅದರದೇ ಉದ್ದದ ಇಪ್ಪತ್ತೈದು ಪಟ್ಟಿಗಿಂತ ಹೆಚ್ಚು. ವೃತ್ತ ಹೇಳುವುದು ಇಷ್ಟೇ: ‘ಈ ವಿಮಾನ ಈಗ ಹೋಗುತ್ತಿರುವ ಹಾಗೆಯೇ ಇನ್ನೆರಡು ಸೆಕೆಂಡು ಹೋದರೆ, ಇಲ್ಲಿರುತ್ತದೆ.’ ಆ ‘ಹೋದರೆ’ ಅನ್ನುವ ಮಾತಿನಲ್ಲೇ ಎಲ್ಲ ಇದೆ. ಪೈಲಟ್ ಸ್ವಲ್ಪ ಕೈ ಆಡಿಸಿದರೂ ಸಾಕು, ವೃತ್ತ ಹಳೆಯ ಸುದ್ದಿಯಾಗುತ್ತದೆ.

ಅದಕ್ಕೆ ಯಾವಾಗ ಹೊಡೆಯಬೇಕು ಅನ್ನುವುದು ವೃತ್ತದ ಪ್ರಶ್ನೆ ಅಲ್ಲ, ಪೈಲಟ್ಟಿನ ಪ್ರಶ್ನೆ. ಅವನು ನೆಟ್ಟಗೆ ಹಾರಲೇಬೇಕಾದ ಹೊತ್ತು ಯಾವುದು? ಬಾಂಬ್ ಅಥವಾ ರಾಕೆಟ್ ಬಿಡಲು ಗುರಿ ಹಿಡಿದು ಇಳಿಯುವಾಗ. ಆ ಮೂರು ನಾಲ್ಕು ಸೆಕೆಂಡು ಅವನು ಅಲುಗಾಡುವ ಹಾಗಿಲ್ಲ, ಅಲುಗಿದರೆ ಅವನ ಗುರಿಯೇ ತಪ್ಪುತ್ತದೆ. ಇನ್ನೊಂದು, ಬಿಟ್ಟಾದ ಮೇಲೆ ಮೂತಿ ಎತ್ತಿ ಮೇಲೆ ಏಳುವಾಗ. ಆಗ ಹೊಟ್ಟೆ ಪೂರ್ತಿ ನಿಮ್ಮ ಕಡೆ, ವೇಗ ಇಳಿಯುತ್ತಿರುತ್ತದೆ. ನನ್ನ ಹುಡುಗರು ಹೊಡೆದ ವಿಮಾನಗಳಲ್ಲಿ ಹೆಚ್ಚಿನವು ಈ ಎರಡು ಹೊತ್ತಿನಲ್ಲೇ ಬಿದ್ದಿವೆ. ದೂರದಲ್ಲಿ ಸುತ್ತು ಹಾಕುತ್ತಿರುವ ವಿಮಾನಕ್ಕೆ ಹೊಡೆದು ಬೀಳಿಸಿದ್ದು ಕಡಿಮೆ, ಸಿಕ್ಕಿಬಿದ್ದದ್ದೇ ಜಾಸ್ತಿ.

ಯಾಕೆ ಅಂದರೆ ನಿಮ್ಮ ಗುಂಡಿನ ಹಿಂದೆ ಬೆಳಕಿನ ಗೆರೆ ಇದೆ. ನಿಮಿಷಕ್ಕೆ ಸುಮಾರು 3,400 ಗುಂಡು. ಸೆಕೆಂಡಿಗೆ ಐವತ್ತೇಳು ಅಂತ ಇಟ್ಟುಕೊಳ್ಳಿ. ಆ ಬೆಳಕಿನ ಗೆರೆ, ಅಂದರೆ ಟ್ರೇಸರ್, ನೆಲದಿಂದ ಎದ್ದು ಆಕಾಶಕ್ಕೆ ಹೋದರೆ, ಆ ಗೆರೆಯ ಬುಡದಲ್ಲಿ ಯಾರು ಕೂತಿದ್ದಾರೆ ಅಂತ ಕೇಳಬೇಕಾ? ವಿಮಾನದವನಿಗೂ ಕಾಣುತ್ತದೆ, ಟ್ಯಾಂಕಿನವನಿಗೂ ಕಾಣುತ್ತದೆ. ನಿಜವಾದ ಗಾಡಿಯಲ್ಲಿ ಒಟ್ಟು 2,000 ಗುಂಡು. ಒತ್ತಿದ ಬೆರಳು ಎತ್ತದಿದ್ದರೆ ಮೂವತ್ತೈದು ಸೆಕೆಂಡಿಗೆ ಖಾಲಿ. ಬ್ಯಾರಲ್ ತಣ್ಣಗಿಡಲು ಅದಕ್ಕೆ ದ್ರವದ ವ್ಯವಸ್ಥೆಯನ್ನೇ ಇಟ್ಟಿದ್ದರು, ಆದರೂ ಬಿಸಿಯಾಗುವುದು ಅದರ ಹಳೆಯ ಕಾಯಿಲೆ. ಹೊಡೆಯುವಾಗ ಬಾಯಲ್ಲಿ ‘ಅಯ್ಯೋ ರಾಮ’ ಅನ್ನಿ. ಅಷ್ಟು ಹೊತ್ತಿಗೆ ಬೆರಳು ಎತ್ತಿ. ಗುಂಡು ಎಲ್ಲಿ ಹೋಯಿತು ನೋಡಿ, ಸರಿಪಡಿಸಿ, ಮತ್ತೆ ‘ಅಯ್ಯೋ ರಾಮ’. ನಗಬೇಡಿ, ಇದು ಕೆಲಸ ಮಾಡುತ್ತದೆ. ಎರಡು ಮೂರು ಸಲ ಹೊಡೆದಾದ ಮೇಲೆ, ತಾಗಿರಲಿ ಬಿಡಲಿ, ಐವತ್ತು ಮೀಟರ್ ಸರಿದು ನಿಲ್ಲಿ.

ದೂರದ ಮಾತೂ ಹೇಳಿಬಿಡುತ್ತೇನೆ. ಶಿಲ್ಕಾ ವಿಮಾನಕ್ಕೆ ಪರಿಣಾಮಕಾರಿಯಾಗಿ ಹೊಡೆಯುವುದು ಎರಡೂವರೆ ಕಿಲೋಮೀಟರಿನವರೆಗೆ. ಅದೂ ಕಾಗದದ ಮೇಲಿನ ದೂರ. ಆಟದಲ್ಲಿ ಒಂದೂವರೆ ಕಿಲೋಮೀಟರಿನ ಒಳಗೆ ಬರುವವರೆಗೆ ಕಾಯಿರಿ. ಒಂದು ಕಿಲೋಮೀಟರಿನ ಒಳಗಾದರೆ ಇನ್ನೂ ಒಳ್ಳೆಯದು. ಕಾಯುವುದು ಕಷ್ಟ, ಗೊತ್ತು. ವಿಮಾನ ನೇರ ನಿಮ್ಮ ಮೇಲೇ ಇಳಿಯುತ್ತಿದ್ದರೆ ಗುರಿ ಹಿಡಿಯುವುದು ಸುಲಭ, ಮುಂದೆ ಲೆಕ್ಕ ಹಾಕಿ ಹೊಡೆಯುವ ಗೋಜೇ ಇಲ್ಲ. ಆದರೆ ಅವನಿಗೂ ಅಷ್ಟೇ ಸುಲಭ. ತೆಳು ಉಕ್ಕು ನಿಮ್ಮದು. ಈ ಜೂಜು ಆಡುವುದಾದರೆ ಮೊದಲ ಹೊಡೆತ ನಿಮ್ಮದಾಗಿರಬೇಕು. ಇಲ್ಲವಾದರೆ ಬ್ರೇಕ್ ತೆಗೆದು ಅವನು ಬರುವ ದಿಕ್ಕಿಗೆ ಅಡ್ಡವಾಗಿ ಓಡಿ.

ರೇಡಾರ್ ಆಫ್ ಮಾಡಿಯೇ ಆಡು ಅಂದ ಗೆಳೆಯ ಅರ್ಧ ಸರಿ. ಕೆಲವು ವಿಮಾನಗಳಲ್ಲಿ, ನೆಲದ ರೇಡಾರ್ ತಮ್ಮನ್ನು ನೋಡುತ್ತಿದೆ ಅಂತ ಎಚ್ಚರಿಸುವ ಸಾಧನ ಇರುತ್ತದೆ. ನೀವು ಲಾಕ್ ಮಾಡಿದ ಕೂಡಲೇ ಅವನ ಕಿವಿಯಲ್ಲಿ ಗಂಟೆ ಬಾರಿಸುತ್ತದೆ. ಅವನು ತಿರುಗುತ್ತಾನೆ, ವೃತ್ತ ಸುಳ್ಳಾಗುತ್ತದೆ. ಜೊತೆಗೆ, ವಿಮಾನ ಮರದ ತುದಿ ಸವರಿಕೊಂಡು ಬಂದರೆ ರೇಡಾರಿಗೆ ಅದು ನೆಲದಿಂದ ಬೇರೆಯಾಗಿ ಕಾಣುವುದೇ ಕಷ್ಟ. ನಿಜವಾದ ಶಿಲ್ಕಾದ ರೇಡಾರಿಗೂ ಈ ತೊಂದರೆ ಇತ್ತು. ಹಾಗಂತ ಪೂರ್ತಿ ಆಫ್ ಮಾಡಿದರೆ ಕಣ್ಣಿದ್ದೂ ಕುರುಡ. ನಾನು ಹೇಳಿಕೊಡುವ ರೀತಿ ಇದು: ಹುಡುಕಲು ರೇಡಾರ್ ಇರಲಿ, ಯಾವ ದಿಕ್ಕಿನಿಂದ ಬರುತ್ತಿದ್ದಾನೆ ಅಂತ ತಿಳಿಯಲಿ. ಲಾಕ್ ಮಾತ್ರ ಕೊನೆಯ ಕ್ಷಣಕ್ಕೆ. ಅವನು ಇಳಿಯಲು ಶುರು ಮಾಡಿದ ಮೇಲೆ ಲಾಕ್, ‘ಅಯ್ಯೋ ರಾಮ’, ಅಷ್ಟೇ. ಹತ್ತಿರ, ಕೆಳಗೆ ಇದ್ದರೆ ಲಾಕ್ ಗೊಡವೆಯೇ ಬೇಡ, ಕಣ್ಣಳತೆಯಲ್ಲಿ ಹೊಡೆಯಿರಿ. ಇದಕ್ಕೆ ರೇಡಾರ್ ಆನ್-ಆಫ್, ಗುರಿ ಬದಲಿಸುವುದು, ಲಾಕ್, ಈ ಮೂರೂ ಕೈಗೆ ಸುಲಭವಾಗಿ ಸಿಗುವ ಕೀಲಿಯಲ್ಲಿರಬೇಕು. ಎರಡು ಕೀಲಿ ಒಟ್ಟಿಗೆ ಒತ್ತಬೇಕಾದ ಕಡೆ ಇಟ್ಟುಕೊಂಡರೆ ಬೆರಳು ಹುಡುಕುವಷ್ಟರಲ್ಲಿ ಬಾಂಬ್ ಬಿದ್ದಿರುತ್ತದೆ.

ಪಿಂಗ್ ಬಗ್ಗೆ ಎರಡೇ ಮಾತು. ಸರ್ವರ್ ಆಯ್ಕೆಯಲ್ಲಿ ನಿಮಗೆ ಕಡಿಮೆ ಪಿಂಗ್ ತೋರಿಸುವುದನ್ನು ಇಟ್ಟುಕೊಳ್ಳಿ. ಪಿಂಗ್ ಸ್ವಲ್ಪ ಜಾಸ್ತಿ ಇದ್ದರೂ ಸ್ಥಿರವಾಗಿದ್ದರೆ ಆಡಬಹುದು. ಮಧ್ಯೆ ಮಧ್ಯೆ ಇಂಟರ್ನೆಟ್ಟಿನ ಮಾಹಿತಿಯ ತುಣುಕು (ಪ್ಯಾಕೆಟ್) ಕಳೆದುಹೋಗುತ್ತಿದ್ದರೆ ವಿಮಾನ ಜಿಗಿಜಿಗಿದು ಹಾರುತ್ತದೆ, ಆಗ ದೇವರು ಬಂದರೂ ತಾಗಿಸಲು ಆಗುವುದಿಲ್ಲ. ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ. ವಿಮಾನ ಜಿಗಿಯದೆ ಹಾರುತ್ತಿದ್ದರೆ ನಿಮ್ಮ ಗುಂಡು ತಪ್ಪುತ್ತಿರುವುದು ಪಿಂಗ್‌ನಿಂದ ಅಲ್ಲ.

ಇನ್ನು ಎರಡನೇ ಗೆಳೆಯ. ಶಿಲ್ಕಾ ಇರುವುದೇ ಟ್ಯಾಂಕಿನ ಪಕ್ಕ ಹೊಡೆಯಲು ಅಂದವನು. ಅವನು ಯಾವುದೋ ಒಂದು ಒಳ್ಳೆಯ ಮ್ಯಾಚ್ ನೆನಪಿಟ್ಟುಕೊಂಡು ಮಾತಾಡುತ್ತಿದ್ದಾನೆ. ಹತ್ತಿರದಿಂದ, ಸರಿಯಾಗಿ ಪಕ್ಕದಿಂದ, ಉಕ್ಕು ಕೊರೆಯುವ ಗುಂಡಿನ ಬೆಲ್ಟ್ ಹಾಕಿಕೊಂಡು ಹೊಡೆದರೆ ತೆಳು ಪಕ್ಕದ ಟ್ಯಾಂಕುಗಳು ಸಾಯುತ್ತವೆ, ಸುಳ್ಳಲ್ಲ. ಹಗುರ ಗಾಡಿಗಳಂತೂ ಕಾಗದ. ಮುಂದಿನಿಂದ ಏನೂ ಆಗುವುದಿಲ್ಲ. ಆದರೆ ಅಲ್ಲಿಯವರೆಗೆ ಹೋಗಬೇಕಲ್ಲ? ಶಿಲ್ಕಾ ಎತ್ತರದ ಗಾಡಿ, ಮೇಲೆ ತಟ್ಟೆಯಂಥ ರೇಡಾರ್ ಬೇರೆ. 280 ಕುದುರೆ ಶಕ್ತಿಯ ಎಂಜಿನ್ 19 ಟನ್ ಎಳೆಯಬೇಕು. ಕದ್ದು ಹೋಗುವ ಜಾತಿ ಅಲ್ಲ ಅದು. ನೀವು ಹತ್ತು ಸಲ ಹೋಗಿ ಎರಡು ಸಲ ಗೆದ್ದರೆ ಆ ಎರಡೇ ನೆನಪಿರುತ್ತವೆ. ಆ ಹತ್ತೂ ಸಲ ನಿಮ್ಮ ಟೀಮಿನ ಆಕಾಶ ಕಾಯಲು ಯಾರೂ ಇರಲಿಲ್ಲ.

ಟ್ಯಾಂಕ್ ತಾನಾಗಿಯೇ ನಿಮ್ಮ ಮುಂದೆ ಬಂದರೆ ಬೇರೆ ಮಾತು. ಆಗ ಅವನನ್ನು ಕೊಲ್ಲಲು ಹೋಗಬೇಡಿ. ಅವನ ತೋಪಿನ ಬ್ಯಾರಲ್ಲಿಗೆ ಹೊಡೆಯಿರಿ. ಸೆಕೆಂಡಿಗೆ ಐವತ್ತು ಗುಂಡು ಬೀಳುವಾಗ ಬ್ಯಾರಲ್ ಕೆಡಲು ಜಾಸ್ತಿ ಹೊತ್ತು ಬೇಡ. ಆಮೇಲೆ ಚಕ್ರದ ಸುತ್ತಿನ ಚೈನು. ಹೊಡೆಯಲಾಗದ, ಓಡಲಾಗದ ಟ್ಯಾಂಕ್ ರಿಪೇರಿ ಮಾಡಿಕೊಳ್ಳುತ್ತಾ ಕೂರುತ್ತದೆ. ಅಷ್ಟರಲ್ಲಿ ನೀವು ಓಡಿ, ಮ್ಯಾಪಿನಲ್ಲಿ ಗುರುತು ಹಾಕಿ. ನೆಲಕ್ಕೆ ಹೊಡೆಯುವುದೇ ನಿಮಗೆ ಇಷ್ಟವಾದರೆ ಅದೇ ಸಾಲಿನಲ್ಲಿ ಝಡ್‌ಎಸ್‌ಯು-57-2 ಇದೆ. 57 ಮಿಲಿಮೀಟರಿನ ಎರಡು ತೋಪು, ರೇಡಾರ್ ಇಲ್ಲ. ಟ್ಯಾಂಕಿಗೆ ಶಿಲ್ಕಾಗಿಂತ ಅದು ಎಷ್ಟೋ ವಾಸಿ, ವಿಮಾನಕ್ಕೆ ಅಷ್ಟೇ ಕಷ್ಟ. 37 ಮಿಲಿಮೀಟರಿನ ಯೆನಿಸೇಯ್ ಕೂಡ ಇದೆ. ಅದು ನಿಜ ಜೀವನದಲ್ಲಿ ಶಿಲ್ಕಾ ಜೊತೆ ಪರೀಕ್ಷೆಗೆ ನಿಂತು ಸೋತ ಗಾಡಿ. ರೇಡಾರ್ ಇದೆ, ಗುಂಡು ದೊಡ್ಡದು, ಆದರೆ ಶಿಲ್ಕಾದ ಹಾಗೆ ಸುರಿಯುವುದಿಲ್ಲ. ದುಡ್ಡು ಕೊಟ್ಟು ಪ್ರೀಮಿಯಂ ಗಾಡಿ ಕೊಳ್ಳುವ ಯೋಚನೆ ಇದ್ದರೆ ಸದ್ಯಕ್ಕೆ ಬಿಡಿ. ದಿಬ್ಬದ ನೆತ್ತಿಯ ಮೇಲೆ ಅದೂ ಇಷ್ಟೇ ಬೇಗ ಸಾಯುತ್ತದೆ.

ಉಳಿದದ್ದು ಆ ಒಂದು ಹೆಲಿಕಾಪ್ಟರ್. ಇಲ್ಲಿ ನಿಮ್ಮ ತಪ್ಪು ಕಡಿಮೆ. ಅಲೂಎಟ್‌ನಂಥ ಹಳೆಯ ಹೆಲಿಕಾಪ್ಟರ್ ಕೂಡ ಎಸ್‌ಎಸ್-11 ಕ್ಷಿಪಣಿ ಹೊತ್ತರೆ 3 ಕಿಲೋಮೀಟರ್ ದೂರದಿಂದ ಹೊಡೆಯಬಲ್ಲದು. ನಿಮ್ಮದು ಎರಡೂವರೆ. ಆ ಅರ್ಧ ಕಿಲೋಮೀಟರಿನಲ್ಲಿ ಅವನು ರಾಜ. (ಅಲೂಎಟ್-3 ಅನ್ನೇ ಎಚ್‌ಎಎಲ್ ಬೆಂಗಳೂರಿನಲ್ಲಿ ಚೇತಕ್ ಹೆಸರಿನಲ್ಲಿ ಕಟ್ಟಿದ್ದು. ಶತ್ರು ಅಂತ ಬೈಯುವ ಮೊದಲು ಒಮ್ಮೆ ನೆನೆಸಿಕೊಳ್ಳಿ.) ದೂರದಲ್ಲಿ ನೇತಾಡುವ ಹೆಲಿಕಾಪ್ಟರಿಗೆ ಸಿಟ್ಟಿನಲ್ಲಿ ಹೊಡೆಯಬೇಡಿ, ನಿಮ್ಮ ಜಾಗ ಹೇಳಿಕೊಟ್ಟಂತೆ. ಮರೆಗೆ ಹೋಗಿ. ತಂತಿಯಿಂದ ನಡೆಸುವ ಕ್ಷಿಪಣಿ ಮುಟ್ಟುವವರೆಗೆ ಅವನು ನಿಮ್ಮನ್ನು ನೋಡುತ್ತಲೇ ಇರಬೇಕು. ನೀವು ಗೋಡೆಯ ಹಿಂದೆ ಸರಿದರೆ ಅದು ಮಣ್ಣಿಗೆ. ಅವನು ಆಸೆಪಟ್ಟು ಹತ್ತಿರ ಬಂದಾಗ ಮಾತ್ರ ಹೊರಗೆ ಬನ್ನಿ. ಬರಲೇ ಇಲ್ಲ ಅಂದರೆ ಶಿಲ್ಕಾದಿಂದ ಮಾಡುವಂಥದ್ದು ಏನೂ ಇಲ್ಲ, ಅದು ಕ್ಷಿಪಣಿ ಗಾಡಿಯ ಅಥವಾ ನಿಮ್ಮ ತಮ್ಮನ ಕೆಲಸ.

ಉರುಳಿಸಿದ ವಿಮಾನ ಎರಡೇ ಅಂದಿರಲ್ಲ, ಅದಕ್ಕೊಂದು ಹಳೆಯ ಮಾತು ಹೇಳುತ್ತೇನೆ. 1973ರ ಅಕ್ಟೋಬರ್ ಯುದ್ಧದಲ್ಲಿ ಈಜಿಪ್ಟ್ ಮತ್ತು ಸಿರಿಯಾ ಬಳಿ ಕುಬ್ ಅನ್ನುವ ಸೋವಿಯತ್ ಕ್ಷಿಪಣಿ ಇತ್ತು. ಅದರಿಂದ ತಪ್ಪಿಸಿಕೊಳ್ಳಲು ಇಸ್ರೇಲಿನ ಪೈಲಟ್‌ಗಳು ತೀರಾ ಕೆಳಗೆ ಹಾರಿದರು. ಕೆಳಗೆ ಶಿಲ್ಕಾಗಳು ಕಾಯುತ್ತಿದ್ದವು. ಮೇಲೆ ಹೋದರೆ ಕ್ಷಿಪಣಿ, ಕೆಳಗೆ ಬಂದರೆ ಶಿಲ್ಕಾ. ಅಂದರೆ ಶಿಲ್ಕಾ ಇದ್ದದ್ದು ಕೆಳಗಿನ ಆಕಾಶದ ಬಾಗಿಲು ಹಾಕಲು. ಭಾರತದ ಸೇನೆಯೂ ಇದನ್ನು ವರ್ಷಗಟ್ಟಲೆ ಇಟ್ಟುಕೊಂಡಿದೆ, ಹಳೆಯ ರೇಡಾರ್, ಎಂಜಿನ್ ಬದಲಿಸಿ ಹೊಸದು ಮಾಡಿಕೊಟ್ಟದ್ದು ನಮ್ಮ ಬೆಂಗಳೂರಿನ ಬಿಇಎಲ್. ಸುಮ್ನೆ ಹಳೆ ಕಬ್ಬಿಣ ಅಂತ ಯಾರೂ ಅಷ್ಟು ಖರ್ಚು ಮಾಡುವುದಿಲ್ಲ. ಆಟದಲ್ಲಿ ಮಾತ್ರ ಬಾಗಿಲು ಹಾಕಿದ್ದಕ್ಕೆ ಅಂಕ ಇಲ್ಲ. ಟ್ರೇಸರ್ ನೋಡಿ ಬಾಂಬ್ ಹಾಕದೆ ತಿರುಗಿದ ವಿಮಾನ ನಿಮ್ಮ ಸ್ಕೋರಿನಲ್ಲಿ ಬರುವುದಿಲ್ಲ. ಇದು ಆಟದ ಕೊರತೆ ಅಂತಲೇ ನನ್ನ ಅಭಿಪ್ರಾಯ.

ಕೊನೆಗೆ ಒಂದು ಅಭ್ಯಾಸ, ಅದೂ ಮನೆಯಲ್ಲೇ ಆಗುವಂಥದ್ದು. ಪೈಲಟ್ ಪಕ್ಕದ ಕುರ್ಚಿಯಲ್ಲೇ ಇದ್ದಾನಲ್ಲ! ಇಬ್ಬರೂ ಒಂದು ಕಸ್ಟಮ್ ಬ್ಯಾಟಲ್ (ನಿಮ್ಮದೇ ಖಾಸಗಿ ಆಟ) ತೆರೆಯಿರಿ. ನೀವು ಅಡಗಿ, ಅವನು ಹುಡುಕಲಿ. ಹೊಡೆಯಬೇಡಿ. ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ನಿಮ್ಮನ್ನು ಕಂಡೆ ಅಂತ ಅವನು ಹೇಳಲಿ. ಹತ್ತು ಜಾಗ ಹೀಗೆ ನೋಡಿ. ಆಮೇಲೆ ಅವನು ನಿಮ್ಮ ಮೇಲೆ ಇಳಿಯಲಿ, ನೀವು ಒಂದು ಕಿಲೋಮೀಟರಿನ ಒಳಗೆ ಬರುವವರೆಗೆ ಬೆರಳು ಎತ್ತಿಯೇ ಇರಿ. ಒಂದು ವಾರ ಆದ ಮೇಲೆ ಇನ್ನೊಂದು ಬಿಲ್ಲಿನ ಹಿಂದೆ ಲೆಕ್ಕ ಬರೆದು ಕಳಿಸಿ. ಈ ಸಲ ಒಂದು ಸಾಲು ಜಾಸ್ತಿ ಇರಲಿ: ಬಾಂಬ್ ಹಾಕದೆ ವಾಪಸ್ ಹೋದ ವಿಮಾನ ಎಷ್ಟು.